ಏಡಿಗೆ ಗುರುತು ಹಾಕಿದ್ದು

ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಚಾಕ್ ಇರುತ್ತದೆ. ಶಾಲೆಯ ಮೇಷ್ಟ್ರ ಚಾಕ್ ಅಲ್ಲ, ದರ್ಜಿಗಳು ಬಟ್ಟೆಯ ಮೇಲೆ ಗೆರೆ ಎಳೆಯುವ ಚಪ್ಪಟೆಯ ಮೇಣದ ಚಾಕ್. ಒಗೆಯಲು ಹಾಕುವ ಮುಂಚೆ ಅದನ್ನು ಜೇಬಿನಿಂದ ತೆಗೆದಿಡುವುದು ನನ್ನ ಕೆಲಸ, ನಾನು ಮರೆತಿದ್ದೇನೆಂದು ತಿಳಿದು ಮತ್ತೆ ಹುಡುಕುವುದು ನನ್ನ ಹೆಂಡತಿ ಹೊನ್ನೂರಮ್ಮನ ಕೆಲಸ. ನಮ್ಮ ಮದುವೆಯ ಫೋಟೋದಲ್ಲೂ ನನ್ನ ಹೊಸ ಅಂಗಿಯ ಜೇಬಿನಿಂದ ಒಂದು ಬಿಳಿ ಮೂಲೆ ಇಣುಕುತ್ತಿದೆ. ಬಂದವರೆಲ್ಲ ಅದೇನೆಂದು ಕೇಳುತ್ತಾರೆ. ಕರವಸ್ತ್ರ ಎಂದು ಹೊನ್ನೂರಮ್ಮ ಇಪ್ಪತ್ತಾರು ವರ್ಷಗಳಿಂದ ಹೇಳುತ್ತಿದ್ದಾಳೆ.

ಮೊನ್ನೆ ಆಕೆ ಗೂಡು ಒರೆಸುವಾಗ ಹಳೆಯ ಚಾಕ್ ಒಂದು ಸಿಕ್ಕಿತು. "ಇದನ್ನ ಎಸೀಲೇನ್ರೀ?" ಎಂದಳು. ನೋಡಿದೆ. ಚಾಕ್ ಯಾವಾಗಲೂ ಅಂಚಿನಲ್ಲಿ ಸವೆಯುತ್ತದೆ. ಇದು ಒಂದು ಮೂಲೆಯಲ್ಲಿ ಮಾತ್ರ, ಒರಟು ಕಲ್ಲಿಗೆ ಉಜ್ಜಿದಂತೆ ಸವೆದಿತ್ತು. ಮೂವತ್ತು ವರ್ಷ ಜೀನ್ಸ್ ಕತ್ತರಿಸಿದ ನನ್ನ ಕೈ ಚಾಕನ್ನು ಹಾಗೆ ಹಿಡಿಯುವುದಿಲ್ಲ. ಬೇಡ, ಅಲ್ಲೇ ಇಡು ಎಂದೆ. ಆಕೆಗೂ ನೆನಪಾಯಿತೆಂದು ಕಾಣುತ್ತದೆ, ಒರೆಸಿ ಅಲ್ಲೇ ಇಟ್ಟಳು.

ನಾನು ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಗೆರೆ ಹಾಕಿ, ಕತ್ತರಿಸುವವನು. ಆಮೇಲೆ ಹೆಂಗಸರು ಹೊಲಿಯುತ್ತಾರೆ, ಬೇರೆ ಯಾರೋ ತಮ್ಮ ಹೆಸರಿನ ಚೀಟಿ ಅಂಟಿಸುತ್ತಾರೆ, ಇನ್ನೆಲ್ಲೋ ಯಾರೋ ಅದನ್ನು ಹಾಕಿಕೊಂಡು ಮೊಣಕಾಲಿನಲ್ಲಿ ಹರಿದುಕೊಳ್ಳುತ್ತಾರೆ. ಈಚೆಗೆ ಹರಿದದ್ದನ್ನೇ ಕೇಳುತ್ತಾರಾದ್ದರಿಂದ ಅದನ್ನೂ ನಾವೇ ಹರಿದು ಕಳಿಸುತ್ತೇವೆ. ಮನುಷ್ಯನಿಗೆ ಅಹಂಕಾರ ಬರಬಾರದು ಎಂದಿದ್ದರೆ ಈ ಕಸುಬಿಗೆ ಸೇರಿಸಬೇಕು.

ನನ್ನನ್ನು ಸೇರಿಸಿದವರು ಮಾರೆಪ್ಪ ಮಾವ. ಮಾರೆಪ್ಪ ಮಾವ ನನ್ನ ತಾಯಿಯ ತಮ್ಮ, ಹೊನ್ನೂರಮ್ಮನ ತಂದೆ. ನಮ್ಮ ಕಡೆ ಒಬ್ಬನೇ ಮನುಷ್ಯ ನಮ್ಮನ್ನು ಎರಡು ಸಂಬಂಧಗಳಿಂದ ಬೈಯಬಹುದು. ಗುಮ್ಮಘಟ್ಟದ ಹತ್ತಿರದ ಊರಿನಲ್ಲಿ ಅವರ ಕುರಿಹಟ್ಟಿ. ಶಾಲೆಗೆ ರಜೆ ಬಂದರೆ ನಾನು ಅಲ್ಲಿ. ತಲೆಯ ಮೇಲೆ ಕಂಬಳಿ ಕೊಪ್ಪೆ, ಕೈಯಲ್ಲಿ ನನಗಿಂತ ಉದ್ದದ ಕೋಲು, ಬುತ್ತಿಯಲ್ಲಿ ರೊಟ್ಟಿ ಮತ್ತು ಖಾರ. ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಕುಳಿತು ತಿನ್ನುವಾಗ ರೊಟ್ಟಿಗೂ ಕಂಬಳಿಗೂ ಒಂದೇ ವಾಸನೆ ಇರುತ್ತಿತ್ತು. ಆ ವಾಸನೆ ನನಗೆ ಈಗಲೂ ಇಷ್ಟ.

ಮಾವ ಕುರಿಗಳನ್ನು ಎಣಿಸುತ್ತಿರಲಿಲ್ಲ. ಸಂಜೆ ದೊಡ್ಡಿಗೆ ಹೋಗುವ ದಾರಿಯಲ್ಲಿ ನಿಂತು ಒಮ್ಮೆ ನೋಡುತ್ತಿದ್ದರು, ಅಷ್ಟೇ. "ಮೋಟಗಿವಿದು ಬಂದಿಲ್ಲ" ಎನ್ನುತ್ತಿದ್ದರು. ಹುಡುಕಿದರೆ ಅದು ನಿಜವಾಗಿಯೂ ಬಂದಿರುತ್ತಿರಲಿಲ್ಲ. ನನಗೆ ಎಲ್ಲ ಕುರಿಗಳೂ ಒಂದೇ ಥರ ಕಾಣುತ್ತಿದ್ದವು. ಒಂದು ಬೇಸಿಗೆ ಮಾವ ಊರಿಗೆ ಹೋಗಿಬರುವಷ್ಟು ಹೊತ್ತು ಹಿಂಡನ್ನು ನನಗೆ ಒಪ್ಪಿಸಿದರು. ನಾನು ಶ್ರದ್ಧೆಯಿಂದಲೇ ಕಾದೆ. ಸಂಜೆ ನೋಡಿದರೆ ಸಂಖ್ಯೆ ಸರಿಯಾಗಿತ್ತು, ಅದರಲ್ಲಿ ಐದು ಕುರಿ ಬೇರೆಯವರವು. ನಮ್ಮ ಐದು ಅವರ ಹಿಂಡಿನಲ್ಲಿದ್ದವು. ಮಾವ ಬೈಯಲಿಲ್ಲ. ನನ್ನ ತಾಯಿಯ ಹತ್ತಿರ ಬಂದು, "ಅಕ್ಕಾ, ಇವನಿಗಿ ಕುರಿ ಮುಖ ಗೊತ್ತಾಗಂಗಿಲ್ಲ. ಬಟ್ಟಿಗಿ ಮುಖ ಇರಂಗಿಲ್ಲ, ಅಲ್ಲಿಗಿ ಹಾಕು" ಎಂದರು. ನನ್ನ ವಿದ್ಯಾಭ್ಯಾಸದ ಬಗ್ಗೆ ನಡೆದ ಚರ್ಚೆ ಇಷ್ಟೇ.

ಅಂಥ ಮಾವನ ಕುರಿಗಳನ್ನು ನಾನು ಮಾರಿಸಿದೆ. ಅವರ ಎರಡೂ ಮೊಣಕಾಲು ಕೆಟ್ಟಿದ್ದವು. ಹಳ್ಳದಲ್ಲಿ ಒಮ್ಮೆ ಬಿದ್ದು, ಯಾರೋ ನೋಡಿ ಎತ್ತಿ ತರುವ ತನಕ ಅಲ್ಲೇ ಕುಳಿತಿದ್ದರು. ಡಾಕ್ಟರು ಇನ್ನು ಗುಡ್ಡ ಹತ್ತಕೂಡದು ಎಂದರು. ಹೊನ್ನೂರಮ್ಮ ಅತ್ತಳು. ನಾನು ಡಿ. ಹಿರೇಹಾಳ್ ಕಡೆಯ ಕುರಿಗಾಹಿಗಳನ್ನು ಹುಡುಕಿ, ಮಾತಾಡಿ, ಕರೆತಂದು ಹಿಂಡನ್ನು ಒಪ್ಪಿಸಿ, ಮಾವನನ್ನು ರಾಯದುರ್ಗದ ನಮ್ಮ ಮನೆಗೆ ಕರೆತಂದೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಎಲ್ಲರೂ ಹೇಳಿದರು. ಮಾವ ಮಾತ್ರ ಏನೂ ಹೇಳಲಿಲ್ಲ. ಅವತ್ತಿನಿಂದ ಎಂಟು ತಿಂಗಳು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ.

ಜಗಳವೇನೂ ಇರಲಿಲ್ಲ. ಪಕ್ಕದ ಮನೆಯವರ ಜೊತೆ ತೆಲುಗಿನಲ್ಲಿ ಹರಟೆ ಹೊಡೆಯುತ್ತಿದ್ದರು, ಹಾಲಿನವನ ಜೊತೆ ಎಮ್ಮೆಯ ವಿಷಯ ಮಾತಾಡುತ್ತಿದ್ದರು. ಊಟಕ್ಕೆ ಕುಳಿತಾಗ ಸಾರು ಬೇಕಾದರೆ ಮಗಳಿಗೆ ಹೇಳುತ್ತಿದ್ದರು. ಮಗಳು ಹಿತ್ತಿಲಲ್ಲಿದ್ದರೆ ಫ್ಯಾನಿಗೆ ಹೇಳುತ್ತಿದ್ದರು. "ಒಂಚೂರು ಸಾರು ಬೇಕಿತ್ತು" ಎಂದು ಮೇಲೆ ನೋಡುತ್ತಿದ್ದರು. ನಾನು ಬಡಿಸುತ್ತಿದ್ದೆ. "ಸಾಕು" ಎಂದೂ ಫ್ಯಾನಿಗೇ ಹೇಳುತ್ತಿದ್ದರು. ಕರೆಂಟು ಹೋಗಿ ಫ್ಯಾನು ನಿಂತಾಗಲೂ ಈ ಪದ್ಧತಿ ಬದಲಾಗಲಿಲ್ಲ. ಹೊರಗಿನವರಿಗೆ ಇದು ನಗುವ ವಿಷಯ, ನಾನೂ ಯೂನಿಟ್ಟಿನಲ್ಲಿ ನಗುತ್ತಲೇ ಹೇಳುತ್ತಿದ್ದೆ. ಆದರೆ ಮನೆಗೆ ಹೋಗುವ ದಾರಿಯಲ್ಲಿ ದಿನಾ ಅಂದುಕೊಳ್ಳುತ್ತಿದ್ದೆ, ಇವತ್ತಾದರೂ ಒಂದು ಸಲ ಬೈದುಬಿಡಲಿ ಎಂದು. ಹತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡವನಿಗೆ ಬೈಯಲು ಇದ್ದವರು ಇವರೊಬ್ಬರೇ.

ಯೂನಿಟ್ಟಿನವರು ವರ್ಷಕ್ಕೊಮ್ಮೆ ಟೂರು ಹೋಗುತ್ತೇವೆ. ಆ ಸಲ ಹೊಲಿಗೆಯ ಹೆಂಗಸರು ಕಡಲು ನೋಡಬೇಕೆಂದರು. ನಮ್ಮ ಸೂಪರ್‌ವೈಸರ್ ಓಬಳೇಶ ಮಿನಿ ಬಸ್ಸು ಗೊತ್ತು ಮಾಡಿದ. ಅಪ್ಪನನ್ನೂ ಕರಕೊಂಡು ಹೋಗೋಣ, ಅಷ್ಟು ನೀರು ನೋಡಿದರೆ ಮನಸ್ಸು ತಿಳಿಯಾದೀತು ಎಂದಳು ಹೊನ್ನೂರಮ್ಮ. ನೀರಿನಿಂದ ಮನಸ್ಸು ತಿಳಿಯಾಗುತ್ತದೆ ಎಂಬ ನಂಬಿಕೆ ನೀರಿಲ್ಲದ ಊರಿನವರಿಗೆ ಮಾತ್ರ ಇರುತ್ತದೆ. ಮಾವ ಬರುತ್ತೇನೆಂದು ಫ್ಯಾನಿಗೆ ಹೇಳಿದರು.

ಹೀಗೆ ಒಂದು ಬೆಳಿಗ್ಗೆ ನಾವು ಇಪ್ಪತ್ತೆರಡು ಜನ ಕುಮಟಾ ಕಡೆಯ ಒಂದು ಕಡಲ ದಂಡೆಯಲ್ಲಿ ಇಳಿದೆವು. ಕಡಲೆಂದರೆ ಮರಳು ಎಂದು ತಿಳಿದಿದ್ದೆವು. ಇಲ್ಲಿ ಮರಳು ಕಡಿಮೆ, ಬರೀ ಕಲ್ಲು. ಗುಡ್ಡ ನಡೆದುಕೊಂಡು ಬಂದು ನೀರಿನ ಅಂಚಿನಲ್ಲಿ ತಟ್ಟನೆ ನಿಂತಿತ್ತು. ಅದರ ಕೆಳಗೆ ಕಪ್ಪು ಬಂಡೆಗಳು, ಬಂಡೆಯ ಸಂದಿಗೆ ಅಲೆ ನುಗ್ಗಿ ಹೊಗೆಯ ಹಾಗೆ ಮೇಲೇಳುವ ನೀರು. ಹೆಂಗಸರು ಒಂದು ನಿಮಿಷ ಮಾತಾಡಲಿಲ್ಲ. ನಮ್ಮ ಯೂನಿಟ್ಟಿನಲ್ಲಿ ಇದು ಹಿಂದೆ ಆದದ್ದಿಲ್ಲ.

ಮಾವ ಕೋಲೂರಿ ನಿಂತು ಎಲ್ಲವನ್ನೂ ನೋಡಿದರು. "ಕಲ್ಲು ನಮ್ಮ ದುರ್ಗದ ಗುಡ್ಡದಾಗೂ ಅದಾವು" ಎಂದು ಮಗಳಿಗೆ ಹೇಳಿದರು. "ಇಲ್ಲಿ ತೊಯ್ಸಿ ಇಟ್ಟಾರ."

ಓಬಳೇಶ ಕಾರ್ಯಕ್ರಮವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿದ್ದ. ಅದರಲ್ಲಿ "ಒಂಬತ್ತರಿಂದ ಹತ್ತು: ಪ್ರಾಣಿ ಪಕ್ಷಿ ವೀಕ್ಷಣೆ" ಎಂದಿತ್ತು. ದಾರಿ ತೋರಿಸಲು ಆ ಊರಿನ ಗೀತಕ್ಕ ಎಂಬವರು ಬಂದಿದ್ದರು. ಮೀನುಗಾರರ ಮನೆಯವರು, ತಲೆಗೆ ಬಟ್ಟೆ ಸುತ್ತಿ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದರು. ಹಾಳೆಯನ್ನು ನೋಡಿ, "ಇದನ್ನ ಅವಕ್ಕೆ ಹೇಳಿದ್ದೀರೋ?" ಎಂದು ಓಬಳೇಶನನ್ನು ಕೇಳಿದರು. ಆಮೇಲೆ ಒಂದೊಂದಾಗಿ ತೋರಿಸಿದರು. ಎತ್ತರದ ಮರದಲ್ಲಿ ಕಡಲ ಹದ್ದಿನ ಗೂಡು, ಬಿಳಿ ಹೊಟ್ಟೆಯ ಹದ್ದು ಅದರ ಪಕ್ಕ ಕುಳಿತಿತ್ತು. ಬಾವಲಿಗಳು ತೂಗುವ ಒಂದು ಗವಿ. ಬಂಡೆಯ ಗುಣಿಯಲ್ಲಿ ನಿಂತ ನೀರಿನೊಳಗೆ ಹೂವಿನಂತೆ ಅರಳಿದ ಒಂದು ಪ್ರಾಣಿ. ಬೆರಳು ಹತ್ತಿರ ಒಯ್ದರೆ ಅದು ಮುದುಡಿಕೊಳ್ಳುತ್ತಿತ್ತು. ಒಬ್ಬೊಬ್ಬರಾಗಿ ಇಪ್ಪತ್ತು ಜನ ಬೆರಳು ಒಯ್ದ ಮೇಲೆ ಅದು ಅರಳುವುದನ್ನೇ ಬಿಟ್ಟಿತು.

ಡಾಲ್ಫಿನ್ ಕೂಡ ಬಂತು. "ಅಗೋ, ಅಗೋ" ಎಂದು ಎಲ್ಲರೂ ಕೂಗಿದರು. ನನ್ನ ಮುಂದೆ ದೊಡ್ಡ ಊರಿನಿಂದ ಬಂದ ಒಬ್ಬ ಪ್ರವಾಸಿ ನಿಂತಿದ್ದ. ಅವನ ಪ್ಯಾಂಟಿನ ಹಿಂಜೇಬಿನ ಬಾಗು ನೋಡಿದೆ. ಆ ಬಾಗು ನನ್ನದು. ಎರಡು ವರ್ಷದ ಹಿಂದೆ ಒಂದು ಆರ್ಡರಿಗೆಂದು ನಾನೇ ರಟ್ಟಿನ ಮೇಲೆ ಬರೆದು ಕತ್ತರಿಸಿದ ನಮೂನೆ. ಮೇಲೆ ಯಾವುದೋ ದೇಶದ ಹೆಸರು. ಎಡಗಡೆಯ ಹೊಲಿಗೆ ಒಂದು ನೂಲು ಜರುಗಿದೆಯೇ ಎಂದು ಬಾಗಿ ನೋಡಿದೆ. ಜರುಗಿರಲಿಲ್ಲ. ಸಮಾಧಾನದಿಂದ ತಲೆ ಎತ್ತಿದಾಗ ಡಾಲ್ಫಿನ್ ಹೋಗಿತ್ತು, ಪ್ರವಾಸಿ ನನ್ನನ್ನೇ ನೋಡುತ್ತಿದ್ದ. ನಾನು ಕಡಲಿಗೆ ಹೋಗಿ ಡಾಲ್ಫಿನ್ ನೋಡಿಲ್ಲ. ಕೇಳಿದವರಿಗೆ ನೋಡಿದೆ ಎನ್ನುತ್ತೇನೆ.

ಹೊತ್ತು ಏರಿದಂತೆ ನೀರು ಹಿಂದಕ್ಕೆ ಸರಿಯತೊಡಗಿತು. ಮಳೆ ಬಂದರೆ ತುಂಬುವ ಕೆರೆಯನ್ನಷ್ಟೇ ಕಂಡ ನಮಗೆ ಇದು ಗಾಬರಿಯ ವಿಷಯ. ನೋಡುತ್ತಿದ್ದಂತೆ ಮುಳುಗಿದ್ದ ಬಂಡೆಗಳು ಹೊರಬಂದವು, ಪಾಚಿ ಕಾಣಿಸಿತು. ಹೆಂಗಸರು ನಾವು ಬಂದದ್ದಕ್ಕೇ ಹೀಗಾಯಿತೇನೋ ಎನ್ನುವಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಗೀತಕ್ಕನ ಹತ್ತಿರ ಹೋಗಿ ಗಂಭೀರವಾಗಿ, "ತೂಬು ಎತ್ತ್ಯಾರೇನವ್ವಾ?" ಎಂದು ಕೇಳಿದರು.

"ಎಂತ ತೂಬು?"

"ನೀರು ಇಳೀತೈತಲ್ಲ. ಕೆಳಗ ಯಾರ ಗದ್ದಿ ಅದಾವು?"

ಗೀತಕ್ಕ ನಗಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಗೌರವ. "ದಿನಾ ಎರಡು ಸಲ ಇಳೀತದೆ, ಎರಡು ಸಲ ಏರ್ತದೆ ಅಜ್ಜ. ಮಧ್ಯಾಹ್ನ ತಿರುಗಿ ಏರ್ತದೆ" ಎಂದರು.

ಮಾವ ನೀರಿನ ಕಡೆ ಕೋಲು ತೋರಿಸಿದರು. "ಯಾರೂ ಕೇಳಲಾರದs?" ಎಂದರು. ಪಂಪಿಗೆ ಪಾಳಿ ಹಾಕಿ ಬದುಕಿದವರಿಗೆ ಇದು ನಂಬುವ ಮಾತಲ್ಲ.

ನೀರು ಇಳಿದ ಬಂಡೆಗಳ ಮೇಲೆ ಏಡಿಗಳು ಬಂದವು. ಮೊದಲು ಹತ್ತು, ಆಮೇಲೆ ನೂರು, ಆಮೇಲೆ ಬಂಡೆಯೇ ಜರುಗುತ್ತಿದೆ ಎನ್ನುವಷ್ಟು. ಎರಡು ಮುಂಗೈಗಳಿಂದ ಪಾಚಿಯನ್ನು ಚಿವುಟಿ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಬೇರೆಯವರು ಫೋಟೋ ತೆಗೆದು ಎಳನೀರಿನ ಕಡೆ ಹೋದರು. ಮಾವ ಮಾತ್ರ ಹೋಗಲಿಲ್ಲ.

"ಮೇಯಾಕತ್ತಾವ" ಎಂದರು. ಅಕ್ಕಪಕ್ಕ ನಾನೊಬ್ಬನೇ ಇದ್ದೆ, ಆದರೂ ಅದು ನನಗೆ ಹೇಳಿದ್ದಲ್ಲ. ಅಲ್ಲಿ ಫ್ಯಾನು ಇಲ್ಲದ ಕಾರಣ ಕಡಲಿಗೆ ಹೇಳಿದ್ದರು.

ಒಂದು ಕಲ್ಲಿನ ಮೇಲೆ ಕುಳಿತರು, ಕೋಲನ್ನು ಹೆಗಲಿಗೆ ಒರಗಿಸಿಕೊಂಡು, ಗುಡ್ಡದ ಮೇಲೆ ಹೇಗೆ ಕುಳಿತಿರುತ್ತಿದ್ದರೋ ಹಾಗೆ. ನಾನು ನಾಲ್ಕು ಮಾರು ಹಿಂದೆ ಕುಳಿತೆ. ಎಷ್ಟು ಹೊತ್ತಾಯಿತೋ, ಮಾವನ ಬೆನ್ನು ನೆಟ್ಟಗಾಯಿತು. ಒಂದೇ ಏಡಿಯನ್ನು ನೋಡುತ್ತಿದ್ದರು. ಅದಕ್ಕೆ ಒಂದು ಪಕ್ಕದಲ್ಲಿ ಎರಡು ಕಾಲಿರಲಿಲ್ಲ. ಹುಟ್ಟಾ ಓರೆಯಾಗಿ ನಡೆಯುವ ಪ್ರಾಣಿ ಕುಂಟುತ್ತಿದೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ, ನನಗೆ ಕಾಲು ಎಣಿಸಿದ ಮೇಲೆಯೇ ಗೊತ್ತಾದದ್ದು. ಉಳಿದವು ಪಾಚಿ ಇದ್ದ ಕಡೆ ಹೋದರೆ ಇದು ಹಿಂದೆ ಉಳಿಯುತ್ತಿತ್ತು. ಇದು ಹೋಗಿ ಮುಟ್ಟುವಷ್ಟರಲ್ಲಿ ಅವು ಬೇರೆ ಕಡೆ ಹೋಗಿರುತ್ತಿದ್ದವು.

ಮಾವ ಎದ್ದು ಬಂದರು. ನನ್ನ ಮುಖ ನೋಡದೆ, ನನ್ನ ಅಂಗಿಯ ಜೇಬಿಗೆ ಕೈ ಹಾಕಿ ಚಾಕ್ ತೆಗೆದುಕೊಂಡು ಹೋದರು.

ಎಂಟು ತಿಂಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನಾನು ಅಲ್ಲಾಡದೆ ಕುಳಿತಿದ್ದೆ. ಮಾವ ಬಗ್ಗಿ, ಕೆರೆಯ ಏಡಿ ಹಿಡಿದ ಅನುಭವದಿಂದ ಅದರ ಬೆನ್ನನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಹೆಗಲ ಟವೆಲಿನಿಂದ ಒರೆಸಿ, ಚಾಕಿನ ಮೂಲೆಯಿಂದ ಒಂದು ಗೆರೆ ಎಳೆದರು. ನಮ್ಮ ಕಡೆ ಹಿಂಡು ಬೆರೆತು ಹೋಗದಿರಲಿ ಎಂದು ಕುರಿಯ ಬೆನ್ನಿಗೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಾರೆ. ಅದೇ ಕೈ, ಅದೇ ಗೆರೆ. ಮೇಣದ ಚಾಕಾದ್ದರಿಂದ ಚೆನ್ನಾಗಿ ಹತ್ತಿತು. ಬಿಟ್ಟಾಗ ಅದು ಮೊದಲಿನ ಹಾಗೇ ಕುಂಟುತ್ತಾ ಹೋಯಿತು, ಚಾಕ್ ಮಾವನ ಜೇಬು ಸೇರಿತು.

ಗೀತಕ್ಕ ದೂರದಿಂದಲೇ ಕೂಗಿದರು. "ಅಜ್ಜ, ಇಲ್ಲಿ ಜೀವಾದಿಗಳನ್ನ ಮುಟ್ಟುಲಾಗ!"

"ಮುಟ್ಟಿಲ್ಲವ್ವಾ, ಗುರುತು ಹಾಕೀನಿ" ಎಂದರು ಮಾವ. "ಮನಿಗಿ ಹೋಗೋ ಹೊತ್ತಿಗಿ ಗೊತ್ತಾಗಬೇಕಲ್ಲ."

ಮಧ್ಯಾಹ್ನ ಗೀತಕ್ಕ ಹೇಳಿದಂತೆ ನೀರು ತಿರುಗಿತು. ಓಬಳೇಶ ಸೀಟಿ ಊದಿ ಎಲ್ಲರನ್ನೂ ಬಸ್ಸಿಗೆ ಕರೆದ. ಏಡಿಗಳು ನಮಗಿಂತ ಶಿಸ್ತಿನವು, ಸೀಟಿ ಇಲ್ಲದೆಯೇ ಮೇಲಿನ ಬಿರುಕುಗಳತ್ತ ಹೊರಟವು. ಸಾಲು ಸಾಲಾಗಿ ಒಳಗೆ ಹೋಗುವುದನ್ನು ಮಾವ ನಿಂತು ನೋಡುತ್ತಿದ್ದರು, ದೊಡ್ಡಿಯ ಬಾಗಿಲಲ್ಲಿ ನಿಂತಂತೆ. ಗೆರೆಯಿದ್ದದ್ದು ಬರಲಿಲ್ಲ. ಹೊನ್ನೂರಮ್ಮ ಬಂದು ಕೈ ಹಿಡಿದಳು.

"ಅಪ್ಪಾ, ಬಾ, ಬಸ್ಸು ಹೊಂಟೈತಿ."

"ಅದು ಬಂದಿಲ್ಲ" ಎಂದು ಕೈ ಬಿಡಿಸಿಕೊಂಡರು. ಆಮೇಲೆ ಒಮ್ಮೆಲೇ ಕೆಳಗಿನ ಬಂಡೆಯ ಕಡೆ ಹೊರಟರು. ನಾಲ್ಕು ಮೆಟ್ಟಿಲು ಹತ್ತಲು ನನ್ನ ಮನೆಯ ಗೋಡೆ ಹಿಡಿಸುವ ಮೊಣಕಾಲುಗಳು ಅವು. ನಾನು ಹಿಂದೆಯೇ ಓಡಿದೆ. ಗೀತಕ್ಕ ಅಜ್ಜ, ಅಜ್ಜ ಎಂದು ಕೂಗುತ್ತಿದ್ದರು.

ಏಡಿ ಅಲ್ಲೇ ಇತ್ತು, ಕಡೆಯ ಬಂಡೆಯ ಅಂಚಿನಲ್ಲಿ. ಬಿಳಿ ಗೆರೆ ದೂರದಿಂದಲೇ ಕಾಣುತ್ತಿತ್ತು. ಒಂದು ಅಲೆ ಬಂದು ಬಂಡೆಯನ್ನೇ ಮುಚ್ಚಿತು. ಹೋಯಿತೆಂದುಕೊಂಡೆ. ನೀರು ಇಳಿದಾಗ ಅದು ಕಲ್ಲಿಗೆ ಅಂಟಿಕೊಂಡು ಹಾಗೇ ಇತ್ತು. ಮಾವ ಕೋಲು ಚಾಚಿ ಅಲೆಗೂ ಅದಕ್ಕೂ ನಡುವೆ ಅಡ್ಡ ಹಿಡಿದರು. ಆ ಕೋಲಿನಿಂದ ಕಡಲಿಗೆ ಏನಾಗಬೇಕು? ಆದರೂ ಏಡಿ ನಾಲ್ಕು ಹೆಜ್ಜೆ ಮೇಲೆ ಬಂತು, ನಿಂತಿತು, ಮತ್ತೆ ಬಂತು. ಕೊನೆಗೆ ಒಂದು ಬಿರುಕಿನೊಳಗೆ ಓರೆಯಾಗಿ ಇಳಿಯಿತು. "ಹೋತು" ಎಂದು ಮಾವ ಉಸಿರು ಬಿಟ್ಟರು.

ಹಿಂತಿರುಗಿ ನೋಡಿದರೆ ನಾವು ಬಂದ ದಾರಿ ಇರಲಿಲ್ಲ. ದಂಡೆಗೂ ನಮ್ಮ ಬಂಡೆಗೂ ನಡುವೆ ಮೊಣಕಾಲು ಮುಳುಗುವ ನೀರು, ಅದು ಎಳೆಯುತ್ತಿತ್ತು. ನನಗೆ ಈಜು ಬರುವುದಿಲ್ಲ. ಕಲಿಯಲು ನಮ್ಮೂರಿನಲ್ಲಿ ನೀರು ಬೇಕಲ್ಲ. ನಿಜವಾಗಿಯೂ ಹೆದರಿದೆ. ನನಗಿಂತ ಹೆಚ್ಚಾಗಿ, ಈ ಮನುಷ್ಯ ಮಾತಾಡದೆಯೇ ಹೋಗಿಬಿಟ್ಟರೆ ಎಂದು ಹೆದರಿದೆ. ದಂಡೆಯಿಂದ ಗೀತಕ್ಕ, "ಬಲಗಡೆ ಕಲ್ಲಿದೆ, ಅದರ ಮೇಲೆ ಬನ್ನಿ!" ಎಂದು ಕೈ ತೋರಿಸಿದರು. ಮಾವನ ಕೈ ಹಿಡಿದು ನಾನು ಮುಂದೆ ಇಳಿದೆ, ಇಳಿದವನು ಸರಿಯಾಗಿ ಎಡಕ್ಕೆ ಹೋದೆ.

"ಹೊಯ್! ಹೊಯ್!" ಎಂದು ಹಿಂದಿನಿಂದ ಕೂಗು ಕೇಳಿತು. ದಾರಿ ತಪ್ಪಿದ ಕುರಿಯನ್ನು ತಿರುಗಿಸುವ ಕೂಗು. ಜೊತೆಗೆ ಕೋಲಿನ ತುದಿ ನನ್ನ ಎಡ ಪಕ್ಕೆಗೆ ತಿವಿಯಿತು. ತಿರುಗಿದೆ. ನಾಲಿಗೆಯಿಂದ ಲೊಚ್ ಲೊಚ್ ಎಂದರು, ಅದು ಮುಂದೆ ನಡೆ ಎಂದು. ನಡೆದೆ. ಅಲೆ ಬಂದಾಗ "ಟ್ರ್ರ್" ಎಂದರು, ನಿಂತೆ. ಹೀಗೆ ನಾನು ಯಾವ ತೊಂದರೆಯೂ ಇಲ್ಲದೆ ದಂಡೆ ಸೇರಿದೆ, ಹಿಂದೆ ನನ್ನ ಕೈ ಹಿಡಿದುಕೊಂಡು ಮಾವ. ಗೀತಕ್ಕ ಇಬ್ಬರಿಗೂ ಚೆನ್ನಾಗಿ ಬೈದರು. ಹೊನ್ನೂರಮ್ಮ ಅಪ್ಪನ ಕಾಲು ಒರೆಸುತ್ತಾ ಅತ್ತಳು, ನಂತರ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಮಾತಾಡಿಸಿದ್ನೇನ್ರೀ?"

"ಕುರಿಗಿ ಹೇಳಿದಂಗ ಹೇಳಿದ್ರು."

"ಅದು ಲೆಕ್ಕಕ್ಕ ಬರತೈತೇನು?"

ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತಾ ಕುಳಿತಿದ್ದೆ.

ಘಾಟಿ ಹತ್ತಿದ ಮೇಲೆ ಚಹಾಕ್ಕೆಂದು ಬಸ್ಸು ನಿಂತಿತು. ಮಾವ ಕೆಳಗಿಳಿದು ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಎರಡು ಲೋಟ ತಂದು, ಒಂದನ್ನು ಅವರ ಪಕ್ಕ ಇಟ್ಟು, ಸ್ವಲ್ಪ ದೂರದಲ್ಲಿ ನಿಂತೆ. ಬಿಸಿಲು ಇನ್ನೂ ಇತ್ತು.

"ತಿಪ್ಪೇಶ" ಎಂದರು ಮಾವ.

ಅದು ನನ್ನ ಹೆಸರು. ನಾನು ಅತ್ತಿತ್ತ ನೋಡಿದೆ.

"ಆ ಕೆಂದ ಕುರಿ ಇತ್ತಲ್ಲ, ಮುಂಗಾಲು ಮುರದು ಕೂಡಿದ್ದು. ಬಿಸಿಲೇರಿದ ಮ್ಯಾಲೆ ಅದು ನಡಿಯಂಗಿಲ್ಲ. ಒಂದೀಟು ಕುಂದ್ರಿಸಿ, ಎಬ್ಬಿಸಿಕೊಂಡು ಹೋಗಬೇಕು. ಹೊಡದರ ಬೀಳತೈತಿ. ಒಯ್ದೋರಿಗಿ ಅದನ್ನ ಹೇಳಿದ್ಯಾ?"

ಹಿಂಡು ಹೋದ ದಿನ ನೆನಪಾಯಿತು. ಹಿರೇಹಾಳಿನವರು ನಡೆಸಿಕೊಂಡೇ ಹೋದರು, ಹೊತ್ತು ನೆತ್ತಿಗೇರಿತ್ತು. ನಾನು ಊರ ಬಾಗಿಲಲ್ಲಿ ನಿಂತು, ಕೆಲಸ ಮುಗಿಯಿತೆಂದು ಹೊನ್ನೂರಮ್ಮನಿಗೆ ಫೋನು ಮಾಡುತ್ತಿದ್ದೆ. ಕೆಂದ ಕುರಿ ಯಾವುದೆಂದು ನನಗೆ ಗೊತ್ತಿರಲಿಲ್ಲ. ಅದರ ಕಾಲು ಮುರಿದಿತ್ತೆಂದೂ ಗೊತ್ತಿರಲಿಲ್ಲ.

"ಇಲ್ಲ ಮಾವ" ಎಂದೆ. "ಹೇಳ್ಲಿಲ್ಲ."

ಮಾವ ಲೋಟ ಎತ್ತಿಕೊಂಡರು, ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು.

"ನಾನೂ ಹೇಳ್ಲಿಲ್ಲಲೇ" ಎಂದರು. "ಅಲ್ಲೇ ಬೇಲಿ ಹತ್ರ ನಿಂತಿದ್ದೆ. ನನ್ನ ಮುಂದs ಹಾದು ಹೋತು. ಹೇಳ್ಲಿಲ್ಲ."